ಕೊಡದ ಮೇಲೆ ಅತ್ತೆಯ ಒಡಪು

ಇಂಟರ್ನೆಟ್ ಬೆಳಗಾವಿಗೆ ಬಂದ ಹೊಸತರಲ್ಲಿ, ಅದನ್ನು ಪಳಗಿಸಿದ ಮಹಾನುಭಾವರಲ್ಲಿ ನಾನೂ ಒಬ್ಬನೆಂದು ದೃಢವಾಗಿ ನಂಬಿದ್ದೆ. ಗೆಳೆಯ ಬಾಬಣ್ಣನ ಪಾತ್ರೆ ಅಂಗಡಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಮದುವೆಗೆ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಏನಿರಬೇಕೆಂದು ಗಿರಾಕಿ ತನ್ನ ಊರಿನಲ್ಲೇ ಕುಳಿತು ಟೈಪ್ ಮಾಡಿದರೆ ಸಾಕು, ಊರ ಹೊರಗಿನ ಮಚ್ಛೆಯ ಕಾರ್ಖಾನೆಯವರು ಕನ್ನಡದಲ್ಲಿ ಕೊರೆದು ಕಳಿಸುವ ಏರ್ಪಾಡು. ಗಿರಾಕಿ ಮಾತ್ರ ಒಬ್ಬರೂ ಬಂದಿರಲಿಲ್ಲ.

ಮೊದಲು ಸಿಕ್ಕವರು ಖಾನಾಪುರದ ನಮ್ಮ ಅತ್ತೆ. ಅವರ ಅಣ್ಣನ ಮಗಳ ಮದುವೆಗೆ ತಾಮ್ರದ ಕೊಡ ಕೊಡುವುದಿತ್ತು. ಅಳಿಯ ಕಂಪ್ಯೂಟರ್ ಮುಂದೆ ಕುಳಿತು ಕಾಲ ಕಳೆಯುತ್ತಾನೆಂಬ ಅವರ ಅಭಿಪ್ರಾಯವನ್ನು ಅಳಿಸಲು ಇದೇ ಸುಸಂದರ್ಭವೆಂದು, ಅವರನ್ನು ಬಸ್ ಸ್ಟ್ಯಾಂಡ್ ಬಳಿಯ, ಟೈಪ್ ಮಾಡಿಕೊಡುವ ಹುಡುಗಿಯಿದ್ದ ಇಂಟರ್ನೆಟ್ ಅಂಗಡಿಗೆ ಕಳಿಸಿದೆ. ಸಂಜೆ ಫೋನ್ ಬಂತು.

“ಅಳ್ಯಾರ, ನಿಮ್ಮ ಕಂಪ್ಯೂಟರಿಗೆ ಮಾನ ಮರ್ಯಾದಿ ಇಲ್ಲೇನ್ರಿ? ಗಂಡನ ಹೆಸರು ಹೇಳಿದ ಹೊರತು ಮುಂದ ಬಿಡವಲ್ದು.”

‘ಗಂಡನ ಹೆಸರು’ ಎಂಬ ಖಾನೆ ತುಂಬದೆ ಸೈಟ್ ಮುಂದೆ ಹೋಗದಂತೆ ಬಿಗಿ ಮಾಡಿದವನು ನಾನೇ. ಅತ್ತೆಯೋ, ಮಾವನ ಹೆಸರನ್ನು ಜನ್ಮದಲ್ಲಿ ನೇರವಾಗಿ ಹೇಳಿದವರಲ್ಲ.

“ನೀವ ಬಾಬಣ್ಣನ ಅಂಗಡಿಗೆ ಹೋಗಿ ಹೇಳಿ ಬರ್ರಿ, ಮುಗೀತು,” ಎಂದಳು ನನ್ನ ಹೆಂಡತಿ ಸುನಂದಾ.

“ಛೇ, ಸೈಟ್ ಸುಧಾರಸ್ತೀನಿ ತಡಿ.”

“ಮದಿವ್ಯಾಗ ನಮ್ಮವ್ವನ ಮಾನ ಹೋದ್ರ ನೋಡ್ರಿ ಮತ್ತ.”

ಸುಧಾರಿಸಿದೆ. ಖಾನೆಗಳನ್ನೆಲ್ಲ ಕಿತ್ತು ಒಂದೇ ಒಂದನ್ನು ಉಳಿಸಿ, ‘ಹೆಸರನ್ನು ನಿಮಗೆ ಅನುಕೂಲವಾದಂತೆ ಹೇಳಿ’ ಎಂದು ಬರೆದೆ. ಅಕ್ಷರಗಳ ಮಿತಿ ತೆಗೆದೆ. ಕೊರೆಯುವ ಮುನ್ನ ‘ಒಮ್ಮೆ ನೋಡಿ’ ಎನ್ನುವ ಗುಂಡಿಯಿಂದ ಜನರಿಗೆ ಗಲಿಬಿಲಿಯೆಂದು ಅದನ್ನೂ ತೆಗೆದೆ. ಬಂದದ್ದನ್ನು ಒಂದಕ್ಷರ ಬಿಡದೆ ಕೊರೆಯತಕ್ಕದ್ದೆಂದು ಮಚ್ಛೆಗೆ ಆಜ್ಞೆ ಹೊರಡಿಸಿದೆ. ಅತ್ತೆ ಮತ್ತೊಮ್ಮೆ ಹೋಗಿಬಂದು, “ಈ ಸಲ ಭಾಳ ಸರಳ ಆತ್ರಿ” ಎಂದರು. ನಾನು ಉಬ್ಬಿಹೋದೆ!

ಕೊಡ ಕಟ್ಟಿದ ಪೊಟ್ಟಣದಲ್ಲೇ ನೇರ ಮದುವೆ ಮನೆಗೆ ಬಂತು. ಎಲ್ಲರೆದುರು ಬಿಚ್ಚಿದರು. ಹೆಸರು ಎಲ್ಲಿ ಶುರು, ಎಲ್ಲಿ ಮುಗಿತಾಯ, ತಿಳಿಯಲೊಲ್ಲದು. ವರನ ಸೋದರತ್ತೆ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸುತ್ತ ಓದಿದರು:

“ಹೊಳಿ ದಂಡ್ಯಾಗ ಹಚ್ಚೇನಿ ಹೂವಿನ ಗಿಡ, ಮಲ್ಲಪ್ಪನವರ ಕೈಯಾಗ ತಾಮ್ರದ ಕೊಡ. ಬರಕೊಂಡ್ಯೇನವಾ? ನಗಬ್ಯಾಡ, ಬರಿ.”

ಗಂಡನ ಹೆಸರನ್ನು ಪದ್ಯದಂಥ ಒಡಪಿನಲ್ಲಿ ಸೇರಿಸಿ ಹೇಳುವುದು ನಮ್ಮ ಕಡೆಯ ಹೆಂಗಸರ ರೂಢಿ. ಅತ್ತೆ ಅನುಕೂಲವಾದಂತೆಯೇ ಹೇಳಿದ್ದರು. ಇಂಟರ್ನೆಟ್ ಅಂಗಡಿಯ ಹುಡುಗಿ ಕೇಳಿಸಿದ್ದನ್ನೆಲ್ಲ ಟೈಪ್ ಮಾಡಿದ್ದಳು.

ಚಪ್ಪರವೆಲ್ಲ ನಗೆಯಲ್ಲಿ ಮುಳುಗಿತು. ಮಾವ ಎದ್ದು ಊಟದ ಪಂಕ್ತಿಯತ್ತ ಸರಿದರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ನನ್ನ ಜೀವ ಹಾರಿತು. ನೋಡಿದರೆ ಅವರೂ ನಗುತ್ತಿದ್ದಾರೆ.

“ಮಗಳ ಒಡಪೂ ಆಗ್ಲಿ,” ಎಂದು ಹೆಂಗಸರು ಸುನಂದಾಳನ್ನು ಹಿಡಿದರು. ಅವಳು ನನ್ನತ್ತ ನೋಡಿಯೇ ಹೇಳಿದಳು:

“ಅಂಗಡ್ಯಾಗ ಹೇಳಿದ್ರ ಆಗತಿತ್ತು ಕೆಲಸ, ಕಂಪ್ಯೂಟರ್ ಹಚ್ಚಿ ಪ್ರಕಾಶರಾಯರು ಮಾಡ್ಯಾರ ಹೊಲಸ.”

ಅಲ್ಲಿಂದ ಒಡಪಿನ ಕೊಡಕ್ಕೆ ಖಾನಾಪುರದಲ್ಲಿ ಗಿರಾಕಿಯೋ ಗಿರಾಕಿ. ಎಲ್ಲರೂ ಬಸ್ ಹತ್ತಿ ಬಾಬಣ್ಣನ ಅಂಗಡಿಗೇ ಬಂದು, ಬಾಯಲ್ಲೇ ಹೇಳಿ ಹೋದರು. ಸೈಟನ್ನು ಮುಚ್ಚಿದೆವು.

ಅತ್ತೆಯೂ ಅಂಗಡಿಗೆ ಹೋಗಿ, ಮಗಳ ಒಡಪನ್ನು ಕೊರೆಸಿ ನಮಗೊಂದು ಕೊಡ ತಂದುಕೊಟ್ಟರು. ಒಂದಕ್ಷರ ತಪ್ಪಿಲ್ಲ. ದಿನಾ ಬೆಳಿಗ್ಗೆ ನಾನು ಅದರ ‘ಹೊಲಸ’ ಇರುವ ಬದಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೆಲಸಕ್ಕೆ ಹೋಗುತ್ತೇನೆ. ಸಂಜೆ ಬರುವಷ್ಟರಲ್ಲಿ ಅದು ಬಾಗಿಲಿನತ್ತ ನೋಡುತ್ತಿರುತ್ತದೆ.