ಒಂದು ಬೆರಳಿಗೆ ಮುಚ್ಚುವ ಬಾಗಿಲು

ನಮ್ಮ ಟಿಂಕರಿಂಗ್ ಶೆಡ್ಡಿನಲ್ಲಿ ಒಂದು ದಿನ ಏನೂ ಎಡವಟ್ಟಾಗದೆ ಕಳೆದರೆ, ಇವತ್ತು ಗ್ರಹಣವೇನೋ ಅಂತ ನನ್ನ ಅತ್ತೆ ಕ್ಯಾಲೆಂಡರ್ ನೋಡುತ್ತಾರೆ. ಶೆಡ್ಡಿಗೂ ನನ್ನ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಸುತ್ತಿಗೆ ಏಟು ಗಂಡನದು, ಬೈಗುಳ ನನ್ನದು. ಎರಡೂ ನಂಜನಗೂಡಿನ ಬಸ್ ಸ್ಟ್ಯಾಂಡಿನವರೆಗೂ ಕೇಳಿಸುತ್ತವೆ ಅಂತ ಬೀದಿಯವರ ದೂರು.

ಮಗಳು ಒಂದನೇ ಕ್ಲಾಸಿನಲ್ಲಿದ್ದ ವರ್ಷ ಟಿ. ನರಸೀಪುರದ ಅಕ್ಕಿ ಮಿಲ್ಲಿನ ಯಜಮಾನರು ತಮ್ಮ ತಂದೆ ಕಾಲದ ಕಾರನ್ನು ಲಾರಿ ಮೇಲೆ ಹೇರಿಸಿಕೊಂಡು ಬಂದರು. ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ತುಕ್ಕು ಕೆರೆದು, ಹೊಸ ತಗಡು ಬೆಸೆಯುವುದರೊಳಗೆ ಆರು ತಿಂಗಳಾಯಿತು. ಉಳಿದದ್ದು ಬಾಗಿಲು, ಬಾನೆಟ್ಟುಗಳನ್ನು ಸಂದು ಸಮ ಮಾಡಿ ಕೂರಿಸುವ ಕೆಲಸ. ಅಷ್ಟರಲ್ಲಿ ನನ್ನ ಗಂಡನಿಗೆ ಕೆಲಸ ಕಲಿಸಿದ್ದ ಮೈಸೂರಿನ ಮೇಸ್ತ್ರಿ ಯಜಮಾನರ ಕಿವಿ ಊದಿದರು: "ಅವ್ನು ಬಸ್ಸಿನ ನೆಗ್ಗು ಎತ್ತೋನು ಸಾ. ಬಾಗಿಲು ಕೂರ್ಸೋದು ಅವನ ಕೈಲಾಗೋದಲ್ಲ."

ಯಜಮಾನರು ಬಂದು ಗಡುವು ಕೊಟ್ಟರು. "ಇಪ್ಪತ್ತು ದಿನ ಕಣಪ್ಪ. ನಾಲ್ಕೂ ಬಾಗಿಲು ಒಂದು ಬೆರಳಿಗೆ ಮುಚ್ಚಬೇಕು. ಇಲ್ದಿದ್ರೆ ಗಾಡಿ ಮೈಸೂರಿಗೆ."

ಗಾಡಿ ಹೋದರೆ ಹೋಗಲಿ, ಅದರ ಹಿಂದೆ ಗಂಡನ ಹೆಸರೂ ಹೋಗುತ್ತಿತ್ತು. ನಾನು ಸೆರಗು ಸಿಕ್ಕಿಸಿ ಶೆಡ್ಡಿಗಿಳಿದೆ.

೧. ಕುಂಟಿದ್ದು ಯಾವುದು

ಬಾಗಿಲ ಕೀಲಿನ ಹಿಂದೆ ತೆಳು ತಗಡಿನ ಚೂರುಗಳನ್ನು ಇಟ್ಟಿರುತ್ತಾರೆ. ಒಂದು ಚೂರು ತಪ್ಪಿದರೂ ಬಾಗಿಲು ಜೋತು ಬೀಳುತ್ತದೆ. ನನ್ನ ಗಂಡ ಬಿಚ್ಚುವಾಗಲೇ ಅವನ್ನೆಲ್ಲ ನಾಲ್ಕು ಪೊಟ್ಟಣ ಕಟ್ಟಿ ಕಿಟಕಿಯಲ್ಲಿಟ್ಟಿದ್ದರು. ಆದರೂ ಮುಂದಿನ ಎಡ ಬಾಗಿಲು ಮೂಗು ಕೆಳಗೆ ಹಾಕಿಕೊಂಡೇ ನಿಂತಿತು. ಮೂರು ದಿನ ಎತ್ತಿದರು, ಬಡಿದರು, ನನ್ನ ಮೇಲೆ ಹಾರಾಡಿದರು.

ಮೂರನೇ ದಿನ ಮಧ್ಯಾಹ್ನ ಅತ್ತೆಗೆ ಎಲೆ ಅಡಿಕೆ ಕೊಡಲು ಹೋದೆ. ಅವರ ಮಂಚ ಹೊಸತರಿಂದಲೂ ಕುಂಟುತ್ತಿತ್ತು, ಮಗ್ಗುಲು ಬದಲಿಸಿದರೆ ಡಬ್ ಅನ್ನುತ್ತಿತ್ತು. ಅವತ್ತು ಸದ್ದೇ ಇಲ್ಲ. ಬಗ್ಗಿ ನೋಡಿದರೆ ಮಂಚದ ಕಾಲ ಕೆಳಗೆ ನಮ್ಮ ಪೊಟ್ಟಣದ ಮೂರು ತಗಡಿನ ಚೂರುಗಳು, ಅಚ್ಚುಕಟ್ಟಾಗಿ ಒಂದರ ಮೇಲೊಂದು!

"ಅತ್ತೆ, ಇದು ಕಾರಿನ ಬಾಗಿಲಿಂದು ಕಣಿ!"

ಅತ್ತೆ ಏಳಲೂ ಇಲ್ಲ. "ಈ ಮಂಚದ ಮ್ಯಾಲೆ ಮನಗೋಳು ನಾನು. ಆ ಬಾಗಿಲ ಮ್ಯಾಲೆ ಯಾರವ್ವ ಮನಗ್ತಾರೆ?"

೨. ಬಳಪ

ಎರಡು ಬಾಗಿಲ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಗಂಡ ಒಂದು ಕಣ್ಣು ಮುಚ್ಚಿ, ತಲೆ ವಾಲಿಸಿ ಅಂದಾಜು ಮಾಡುತ್ತಿದ್ದರು. ಬೆಳಗ್ಗೆ ಸರಿ ಕಂಡದ್ದು ಊಟವಾದ ಮೇಲೆ ಸೊಟ್ಟ ಕಾಣುತ್ತಿತ್ತು. ನಾನು ಮಗಳ ಬ್ಯಾಗಿನಿಂದ ಒಂದು ಬಳಪ ತಂದು ಸಂದಿಗೆ ಹಿಡಿದೆ.

"ಇದು ಮೇಲಿಂದ ಕೆಳಗೆ ಇಳೀಬೇಕು. ಸಿಕ್ಕಿಕೊಂಡ ಕಡೆ ಬಿಗಿ, ಕುಣಿದ ಕಡೆ ಸಡಿಲ."

"ಎಸ್ಸೆಲ್ಸಿ ಓದಿರೋಳು ನನಗೆ ಟಿಂಕರಿಂಗ್ ಹೇಳಿಕೊಡೋಕೆ ಬಂದ್ಳು," ಅಂತ ನಕ್ಕರು. ನಾನು ಒಳಗೆ ಹೋಗಿ ಮುದ್ದೆ ತಿರುವಿ ಬರುವಷ್ಟರಲ್ಲಿ ಬಳಪ ಅವರ ಕೈಲಿತ್ತು.

ಬಲಗಡೆ ಎರಡು ದಿನ, ಎಡಗಡೆ ಎರಡು ದಿನ. ಎಲ್ಲ ಮುಗಿಸಿ ದೂರ ನಿಂತು ನೋಡಿದರೆ ಬಲಗಡೆ ಸಂದು ದಪ್ಪ, ಎಡಗಡೆಯದು ಸಣ್ಣ! ಅಳತೆ ಎರಡಕ್ಕೂ ಒಂದೇ. ನಾನು ಮಗಳನ್ನು ಕರೆದೆ.

"ಅಪ್ಪಾಜಿ ಹತ್ರ ಇದ್ದ ಬಳಪ ಯಾರು ಮುಟ್ಟಿದ್ದು?"

"ನಾನು. ತಿಂದ್ಬುಟ್ಟೆ."

"ಮತ್ತೆ ಈಗ ಅವರ ಕೈಲಿರೋದು?"

"ಅಪ್ಪಾಜಿ ಬೈತಾರೆ ಅಂತ ಪಕ್ಕದ ಮನೆಯೋಳ್ದು ಇಸ್ಕೊಂಡು ಇಟ್ಟೆ. ಅದು ವಸಿ ಸಣ್ಣಕಿತ್ತು."

ಎಡಗಡೆ ಪೂರ್ತಿ ಬಿಚ್ಚಿ ಮತ್ತೆ ಕೂರಿಸಬೇಕಾಯಿತು. ಈ ಸಲ ಮೊದಲಿನಷ್ಟೇ ದಪ್ಪದ ಬಳಪವೊಂದನ್ನು ಹುಡುಕಿ ತಂದು, ಮಗಳ ಕೈಗೆ ಎಟುಕದಂತೆ ದೇವರ ಗೂಡಿನಲ್ಲಿಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಅತ್ತೆ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಒಂದು ಹೂವಿಟ್ಟಿದ್ದರು.

೩. ಅವರೆಕಾಯಿ ಇಂಜಿನ್

ಬಾಗಿಲು ಸಮವಾದವು. ಗಂಡ ಮಾತ್ರ ತಲೆ ಮೇಲೆ ಕೈಹೊತ್ತು ಕೂತಿದ್ದರು. ರಿಪೇರಿಗೆ ಕೊಟ್ಟಿದ್ದ ಇಂಜಿನ್ನು ಇನ್ನೂ ಮೈಸೂರಿನ ಲೇತ್ ವರ್ಕ್‌ಶಾಪಿನವರ ಹತ್ತಿರವೇ ಇತ್ತು. ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿ ಕೇಳಿದಾಗಲೆಲ್ಲ "ನಾಳೆ" ಅನ್ನುತ್ತಿದ್ದರು. ಅದು ಬಂದು ಕೂತರೆ ಆ ಭಾರಕ್ಕೆ ಕಾರಿನ ಮೂತಿ ತಗ್ಗುತ್ತದೆ, ಸಂದುಗಳೆಲ್ಲ ಮತ್ತೆ ಕೆಡುತ್ತವೆ. ಇಂಜಿನ್ನಿನ ಭಾರಕ್ಕೆ ಬದಲು ಭತ್ತದ ಮೂಟೆ ಇಟ್ಟು ನೋಡಿದರು, ಜಾರಿ ಬಿತ್ತು.

ನಮ್ಮ ಜಗಲಿ ಮೇಲೆ ದಿನಾ ಸಂಜೆ ಅತ್ತೆ ಮತ್ತು ಅವರ ಇಬ್ಬರು ಗೆಳತಿಯರು ಅವರೆಕಾಯಿ ಸುಲಿಯುತ್ತಾ ಊರಿನ ಸೊಸೆಯರನ್ನೆಲ್ಲ ಸುಲಿಯುತ್ತಿದ್ದರು. ಮೂವರೂ ತೂಕದ ಆಸಾಮಿಗಳು. ನಾನು ಇಂಜಿನ್ ಕೂರುವ ಜಾಗಕ್ಕೆ ಅಡ್ಡ ಹಲಗೆ ಹಾಕಿ, ಮೇಲೆ ಕಂಬಳಿ ಹಾಸಿ, ಅವರೆಕಾಯಿ ಕುಕ್ಕೆಯನ್ನು ಅಲ್ಲಿಗೇ ಸಾಗಿಸಿದೆ. ಕುಕ್ಕೆ ಹೋದ ಕಡೆ ಅವರೂ ಹೋದರು.

ಮೂತಿ ತಗ್ಗಿತು. ಗಂಡ ಬಳಪ ಹಿಡಿದು ಕೀಲು ಬಿಗಿ ಮಾಡತೊಡಗಿದರು. ಅಷ್ಟರಲ್ಲಿ ಒಬ್ಬಜ್ಜಿ ಎಲೆ ಅಡಿಕೆ ಉಗಿಯಲು ಎದ್ದರು.

"ಅಜ್ಜೀ, ಕೂತ್ಕೊಳಿ! ಬಾಗಿಲು ಮೇಲಕ್ಕೆದ್ದೋಯ್ತು!" ಅಂತ ಗಂಡ ಕೂಗಿದ್ದಕ್ಕೆ ಆ ಅಜ್ಜಿ ಬಾಯಲ್ಲಿದ್ದದ್ದನ್ನು ಹಾಗೇ ನುಂಗಿದರು.

ಹೀಗೇ ಮೂರು ಸಂಜೆ ನಡೆಯಿತು. ನಾಲ್ಕನೇ ದಿನ ನಿಜವಾದ ಇಂಜಿನ್ನು ಬಂದು ಕೂತಿತು. ಸಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಗಂಡ ಖುಷಿಯಿಂದ ಅದಕ್ಕೆ ಡಬ್ಬಗಟ್ಟಲೆ ಆಯಿಲ್ ಹುಯ್ಯುತ್ತಿದ್ದರೆ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಅದ್ಕೆ ಕೂತ ತಕ್ಷಣ ಎಣ್ಣೆ ಉಯ್ತಾವ್ನೆ. ನಾವು ಮೂರು ಸಂಜೆ ಕೂತಿದ್ವಲ್ಲ, ಒಂದು ಲೋಟ ಕಾಪಿ ಕೊಡ್ನಿಲ್ಲ!"

೪. ಮೇಸ್ತ್ರಿ ಒಳಗೆ

ಇಪ್ಪತ್ತನೇ ದಿನ ಯಜಮಾನರು ಬಂದರು. ಜೊತೆಗೆ ಬಿಳಿ ಶರಟು ಹಾಕಿಕೊಂಡು ಮೈಸೂರಿನ ಮೇಸ್ತ್ರಿಯೂ ಬಂದರು. ಗಂಡ ಒರೆಸಿದ್ದ ಬಾನೆಟ್ಟನ್ನೇ ಮತ್ತೆ ಒರೆಸತೊಡಗಿದರು.

ಮೇಸ್ತ್ರಿ ಸಂದುಗಳ ಮೇಲೆ ಉಗುರು ಎಳೆದರು. ಏನೂ ಸಿಗಲಿಲ್ಲ. ಮೂರು ಬಾಗಿಲನ್ನು ಒಂದೊಂದೇ ಬೆರಳಲ್ಲಿ ತಳ್ಳಿದರು. ಟಪ್, ಟಪ್, ಟಪ್.

"ಹೊರಗಿಂದ ಯಾರು ಬೇಕಾದ್ರೂ ಮುಚ್ತಾರೆ ಸಾ," ಅಂದರು ಮೇಸ್ತ್ರಿ. "ಒಳಗೆ ಕೂತು ಎಳದ್ರೆ ಗೊತ್ತಾಗ್ತದೆ ಬಂಡವಾಳ."

ನಾಲ್ಕನೇ ಬಾಗಿಲಿನಿಂದ ಒಳಗೆ ಹೋಗಿ ಕೂತರು. ಬಾಗಿಲ ಅಂಚಿಗೆ ಒಂದೇ ಬೆರಳು ಕೊಟ್ಟು ಎಳೆದರು. ಟಪ್!

ಗಂಡ ಗಾಬರಿಯಾಗಿ, "ಮೇಸ್ತ್ರಿ, ಒಳಗಡೆ ಹಿಡಿ..." ಅನ್ನುವಷ್ಟರಲ್ಲಿ ನಾನು ಅವರ ಕಾಲು ತುಳಿದೆ. ಸೀಟು ಕೆಲಸದವನು ಬಂದ ಮೇಲೆ ಹಾಕೋಣ ಅಂತ ಒಳಗಿನ ಹಿಡಿಗಳನ್ನೂ ಗಾಜು ಇಳಿಸುವ ತಿರುಪುಗಳನ್ನೂ ಇನ್ನೂ ಹಾಕಿರಲಿಲ್ಲ. ನಾಲ್ಕು ಬಾಗಿಲಲ್ಲಿ ಒಂದೂ ಒಳಗಿನಿಂದ ತೆಗೆಯುವ ಹಾಗಿರಲಿಲ್ಲ.

ಮೇಸ್ತ್ರಿ ಈ ಕಡೆ ತಡಕಿದರು, ಆ ಕಡೆ ತಡಕಿದರು. ಬಾಗಿಲಂಚಿಗೆ ಹಾಕಿದ್ದ ಹೊಸ ರಬ್ಬರಿನ ಬಿಗಿಗೆ ಮಾತು ಹೊರಗೆ ಬರಲೊಲ್ಲದು. ನಾನು ಹೊರಗಿನ ಹಿಡಿಯ ಮೇಲೆ ಕೈಯಿಟ್ಟು ಗಾಜಿಗೆ ಮುಖ ತಂದೆ.

"ಬಾಗಿಲು ಹೆಂಗದೆ ಮೇಸ್ತ್ರಿ?"

ಒಳಗಿನಿಂದ ಸಣ್ಣಗೆ, "ಚೆನ್ನಾಗದೆ! ತೆಗಿಯವ್ವ!"

"ಬಸ್ಸಿನ ನೆಗ್ಗು ಎತ್ತೋನ ಕೈಲಿ ಇದಾಗಲ್ಲ ಅಂದಿದ್ರಂತೆ?"

ಬಿಳಿ ಶರಟು ಬೆವರಿಗೆ ಮೈಗಂಟಿತ್ತು. ಮೇಸ್ತ್ರಿ ಗಾಜಿಗೆ ಬಾಯಿಟ್ಟು ಬೀದಿಗೆಲ್ಲ ಕೇಳುವಂತೆ ಕಿರುಚಿದರು: "ಇಂಥಾ ಫಿಟಿಂಗು ನನ್ನ ಕೈಲೂ ಆಗ್ನಿಲ್ಲ ಕಣವ್ವೋ! ನನಗಿಂತ ನನ್ನ ಶಿಷ್ಯನೇ ಮೇಲು! ತೆಗಿ ತಾಯಿ!"

ತೆಗೆದೆ, ಒಂದೇ ಬೆರಳಲ್ಲಿ. ಯಜಮಾನರು ಹೊಟ್ಟೆ ಹಿಡಿದುಕೊಂಡು ನಗುತ್ತಾ ಗಂಡನ ಬೆನ್ನು ತಟ್ಟಿದರು. "ಗಾಡಿ ಎಲ್ಲೂ ಹೋಗಲ್ಲ ಕಣಪ್ಪ. ಇಲ್ಲೇ ಮುಗಿಸು."

ಮೇಸ್ತ್ರಿ ಮುಖ ಒರೆಸಿಕೊಳ್ಳುತ್ತಿದ್ದರು. ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು.

"ನಂಗೆ ಸರಿಯಾಗಿ ಕೇಳಿಸ್ನಿಲ್ಲ ಕಣವ್ವ. ಇನ್ನೊಂದ್ಸಲ ಕೂರ್ಸಿ ಬಾಗಿಲಾಕು."