ಒದ್ದೆ ಬಂಡೆಗೆ ತಕ್ಕ ಟಯರು

ಕೈಲಾಗದ ಕೆಲಸಕ್ಕೆ ಸಾಮಾನು ಕೊಳ್ಳುವುದರಲ್ಲಿ ಮನುಷ್ಯನಿಗೆ ವಿಪರೀತ ಉತ್ಸಾಹ ಎಂಬುದು ನನ್ನ ಅನುಭವ. ಹಾಡಲು ಬಾರದವನು ಒಳ್ಳೆಯ ಮೈಕು ಹುಡುಕುತ್ತಾನೆ. ದೋಸೆ ಹುಯ್ಯಲು ಬಾರದವನು ಅಂಟದ ಕಾವಲಿಯ ಬಗ್ಗೆ ಊಟದ ಹೊತ್ತು ಮೀರುವವರೆಗೆ ಮಾತಾಡಬಲ್ಲ. ನನಗೆ ಒದ್ದೆ ಬಂಡೆಯ ಮೇಲೆ ಸೈಕಲ್ ಬಿಡಲು ಬರುವುದಿಲ್ಲ. ಆದ್ದರಿಂದ ನಾನು ಟಯರು ಹುಡುಕಲು ಹೊರಟೆ.

ಗದಗದ ಕಡೆಯವನಾದ ನನಗೆ ಸೈಕಲ್ ಎಂದರೆ ನೆಟ್ಟಗಿನ ರಸ್ತೆಯಲ್ಲಿ ನೆಟ್ಟಗೆ ಹೋಗುವ ವಸ್ತು. ಮಣಿಪಾಲದಲ್ಲಿ ಕಚೇರಿ ಕೆಲಸಕ್ಕೆ ಸೇರಿದೆ, ಕಾಪುವಿನ ಶಶಿಕಲಾಳನ್ನು ಮದುವೆಯಾದೆ, ಕಾಲಕ್ರಮದಲ್ಲಿ ಹೊಟ್ಟೆಯೂ ಬಂತು. ದಿನಾ ನಡೆಯಿರಿ ಎಂದರು ಡಾಕ್ಟರು. ನಡಿಗೆ ಮುದುಕರ ಬಾಬ್ತು ಎನಿಸಿ ಗುಡ್ಡ ಹತ್ತುವ ಸೈಕಲ್ ಕೊಂಡು, ಭಾನುವಾರದ ಸವಾರರ ಗುಂಪಿಗೆ ಸೇರಿಬಿಟ್ಟೆ. ಹಲ್ಲಿನ ಡಾಕ್ಟರು ಶೆಣೈ, ಎಂಜಿನಿಯರಿಂಗ್ ಪಾಠ ಹೇಳುವ ಹೆಗ್ಡೆ, ಇವರಿಬ್ಬರು ಗುಂಪಿನ ಮುಂದಾಳುಗಳು. ಕಳೆದ ಮಳೆಗಾಲದಲ್ಲಿ ಕಾರ್ಕಳದ ಹತ್ತಿರದ ಒಂದು ಗುಡ್ಡದ ಹಿಂದಿನ ಪಾಚಿಗಟ್ಟಿದ ಬಂಡೆಯನ್ನು ಅವರೆಲ್ಲ ಸೈಕಲ್ ಮೇಲೆ ಇಳಿದರು. ನಾನು ಒಂದು ಕೈಯಲ್ಲಿ ಸೈಕಲ್ ಹಿಡಿದು, ಬಂಡೆಯ ಮೇಲೆ ಕೂತು, ಹಾಗೇ ಜರುಗುತ್ತಾ ಇಳಿದೆ. ಹೆಗ್ಡೆಯವರು ಅದರ ಫೋಟೋ ತೆಗೆದು ವಾಟ್ಸಾಪ್ ಗುಂಪಿನ ಚಿತ್ರವಾಗಿ ಹಾಕಿದರು. ಅಂದಿನಿಂದ ಗುಂಪಿನಲ್ಲಿ ಯಾರದೋ ಅಜ್ಜಿ ತೀರಿಕೊಂಡ ಸುದ್ದಿ ಬಂದರೂ ಅದರ ನೆತ್ತಿಯ ಮೇಲೆ ನಾನು ಕೂತಿರುತ್ತೇನೆ. ಈ ಮಳೆಗಾಲದಲ್ಲಿ ಅದೇ ಬಂಡೆಯನ್ನು ಸೀಟಿನ ಮೇಲೆ ಕೂತು ಇಳಿಯಬೇಕು, ಆ ಫೋಟೋ ಬದಲಾಗಬೇಕು. ಸತ್ಯವಾಗಿ ಹೇಳುತ್ತೇನೆ, ಕಚೇರಿಯ ಬಡ್ತಿಗೂ ನಾನು ಇಷ್ಟು ಆಸೆಪಟ್ಟವನಲ್ಲ.

ಟಯರಿನ ಚರ್ಚೆ ಮಣಿಪಾಲದ ಹೋಟೆಲೊಂದರಲ್ಲಿ ಗೋಳಿಬಜೆಯ ಎದುರು ನಡೆಯಿತು. ರಬ್ಬರು ಮೆತ್ತಗಿದ್ದಷ್ಟೂ ಕಲ್ಲನ್ನು ಹಿಡಿಯುತ್ತದೆ ಎಂದು ಹೆಗ್ಡೆಯವರು ತಟ್ಟೆಯ ಮೇಲೆ ಚಟ್ನಿಯಲ್ಲಿ ಚಿತ್ರ ಬರೆದು ತೋರಿಸಿದರು. ಮೆತ್ತಗಿದ್ದರೆ ಬೇಗ ಸವೆಯುತ್ತದೆ ಎಂದು ಇನ್ನೊಬ್ಬರು ಆ ಚಿತ್ರವನ್ನೇ ಬಜೆಯಿಂದ ಒರೆಸಿ ತಿಂದರು. ಶೆಣೈ ಡಾಕ್ಟರು ನಾನು ತಂದ ಒಂದು ಟಯರನ್ನು ಬೆಳಕಿಗೆ ಹಿಡಿದು, ಅದರ ಹಲ್ಲುಗಳನ್ನು ಬೆರಳಿನಿಂದ ಒಂದೊಂದಾಗಿ ಅಲ್ಲಾಡಿಸಿ ನೋಡಿ, ಇವು ಕೆಸರಿಗಾದರೆ ಆದೀತು, ಇಷ್ಟು ಎತ್ತರದ ಹಲ್ಲು ಬಂಡೆಯ ಮೇಲೆ ನಿಲ್ಲುವುದಿಲ್ಲ ಎಂದು ತೀರ್ಪು ಕೊಟ್ಟರು. ಕೀಳಲು ಹೇಳಲಿಲ್ಲ, ಅಷ್ಟೇ. ಹೀಗೆ ಜೂನ್ ಹೋಯಿತು, ಜುಲೈ ಹೋಯಿತು. ಹೊರಗೆ ಮಳೆ ಸುರಿಯುತ್ತಿತ್ತು. ಕಾರ್ಕಳದ ಬಂಡೆಗಳೆಲ್ಲ ಒದ್ದೆಯಾಗಿ ಕಾಯುತ್ತಿದ್ದವು. ಆದರೆ ಪ್ರತಿ ಶನಿವಾರ ಸಂಜೆ ಯಾರಾದರೊಬ್ಬರು 'ಮಳೆ ಜೋರುಂಟು, ನಾಳೆ ಬೇಡ ಅಲ್ವಾ' ಎಂದು ಗುಂಪಿನಲ್ಲಿ ಬರೆಯುತ್ತಿದ್ದರು. ಮಳೆಗೆ ಬೇಕಾದ ಟಯರಿನ ಚರ್ಚೆಯನ್ನು ಮಳೆ ನಿಲ್ಲುವವರೆಗೆ ನಡೆಸುವ ತಾಳ್ಮೆ ವಿದ್ಯಾವಂತರಿಗೆ ಮಾತ್ರ ಇರುತ್ತದೆ.

ಕೊನೆಗೂ ಟಯರು ಆರಿಸಿದೆ. ಅಗಲವಾದದ್ದು, ಗಿಡ್ಡ ಹಲ್ಲಿನದು, ಮೆತ್ತನೆಯ ರಬ್ಬರಿನದು. ಆದರೆ ನಿಜವಾದ ಗುಟ್ಟು ಇರುವುದು ಗಾಳಿಯಲ್ಲಿ ಎಂದು ಅಷ್ಟರಲ್ಲಿ ನಾನು ಓದಿಕೊಂಡಿದ್ದೆ. ಗಾಳಿ ಕಡಿಮೆ ಇದ್ದರೆ ಟಯರು ಕಲ್ಲಿನ ಮೇಲೆ ಸ್ವಲ್ಪ ಚಪ್ಪಟೆಯಾಗಿ ಅಪ್ಪಿಕೊಳ್ಳುತ್ತದೆ, ಹೆಚ್ಚಿದ್ದರೆ ಜಾರುತ್ತದೆ. ಹಾಲ್‌ನಲ್ಲಿ ಸೈಕಲ್ ನಿಲ್ಲಿಸಿ, ಹೆಬ್ಬೆರಳಿನಿಂದ ಟಯರು ಒತ್ತಿ ತೋರಿಸಿ, ಇದನ್ನೆಲ್ಲ ಶಶಿಕಲಾಳಿಗೆ ವಿವರಿಸಿದೆ. 'ಒಟ್ಟು ಅದೂ ನಿಮ್ಮ ಹಾಗೆ ಮೆತ್ತಗೆ ಇರಬೇಕು' ಎಂದು ಅವಳು ಒಳಗೆ ಹೋದಳು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ, ಆಗಸ್ಟಿನ ಒಂದು ಶನಿವಾರ, ಕಾಪುವಿನಿಂದ ಮಾವ ಬಂಗುಡೆ ಮೀನಿನ ಚೀಲ ಹಿಡಿದುಕೊಂಡು ಬಂದರು. ಮಾವ ಒಂದು ಕಾಲದಲ್ಲಿ ಸೈಕಲ್ಲಿನ ಹಿಂದೆ ಮೀನಿನ ಬುಟ್ಟಿ ಕಟ್ಟಿಕೊಂಡು ಊರೂರು ತಿರುಗಿದವರು. ನನಗೆ ತುಳು ಇನ್ನೂ ಅರ್ಧಂಬರ್ಧ. ಆದ್ದರಿಂದ ನನ್ನೊಡನೆ ಮಾತ್ರ ಪುಸ್ತಕ ಓದಿದ ಹಾಗೆ ನಿಧಾನವಾಗಿ ಕನ್ನಡ ಮಾತಾಡುತ್ತಾರೆ. ಅಂದು ಕಾಫಿ ಕುಡಿಯುತ್ತಾ ಸೈಕಲ್ಲನ್ನೇ ನೋಡುತ್ತಿದ್ದರು. ಒಮ್ಮೆ ಎದ್ದು ಟಯರು ಒತ್ತಿದರು, ಮತ್ತೆ ನನ್ನ ಮುಖ ನೋಡಿದರು. ಆ ನೋಟದಲ್ಲಿ ಎಷ್ಟು ಮರುಕವಿತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ. ಮಳೆ ಸ್ವಲ್ಪ ಇಳಿದಿದ್ದರಿಂದ ಗುಂಪು ಅಂತೂ ಕಾರ್ಕಳದ ಬಂಡೆಗೆ ಹೊರಡಲು ಒಪ್ಪಿತ್ತು. ಮರುದಿನ ಬೆಳಿಗ್ಗೆ ನಾನು ಹೊರಡುವಾಗ ಮಾವ ಜಗಲಿಯಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. 'ಸೈಕಲ್ ಸರಿ ಮಾಡಿ ಇಟ್ಟಿದ್ದೇನೆ. ಹೋಗಿ ಬನ್ನಿ, ಇನ್ನು ಹೆದರಿಕೆ ಇಲ್ಲ' ಎಂದರು. ಧೂಳು ಒರೆಸಿರಬೇಕು ಎಂದುಕೊಂಡು ಸಂತೋಷಪಟ್ಟೆ.

ಅಂದು ನನಗೆ ಏನಾಗಿತ್ತೋ, ಸೈಕಲ್ ಹಾರಿಕೊಂಡು ಹೋಯಿತು. ಹಿರಿಯಡ್ಕ ದಾಟಿದ ಮೇಲೊಂದು ಏರಿನಲ್ಲಿ ಶೆಣೈ ಡಾಕ್ಟರನ್ನೇ ಹಿಂದೆ ಹಾಕಿದೆ. ಅವರು ಏದುಸಿರು ಬಿಡುತ್ತಾ, 'ಎಂತ ಮಾರಾಯ್ರೆ, ಕಾಲಿಗೆ ಎಂಜಿನ್ ಕಟ್ಟಿದ್ದೀರಾ?' ಎಂದು ಕೇಳಿದರು. ದಿನಾ ರಾತ್ರಿ ಚಪಾತಿ ಎಂದೆ. ದೇಹ ಒಂದು ಹದಕ್ಕೆ ಬಂದಾಗ ಹೀಗಾಗುತ್ತದೆ ಎಂದು ದಾರಿಯುದ್ದಕ್ಕೂ ಉಪದೇಶ ಮಾಡಿದೆ. ಬಂಡೆಯ ನೆತ್ತಿಯ ಮೇಲೆ ನಿಂತು, ಫೋಟೋ ಸರಿಯಾಗಿ ತೆಗೆಯಿರಿ ಎಂದು ಹೆಗ್ಡೆಯವರಿಗೆ ಹೇಳಿ, ಗಾಳಿಯ ಮಹತ್ವದ ಬಗ್ಗೆ ಎಲ್ಲರಿಗೂ ಇನ್ನೊಮ್ಮೆ ತಿಳಿಸಿ, ಇಳಿದೆ.

ಹಿಂದಿನ ಚಕ್ರ ಬಲಕ್ಕೆ ಹೋಯಿತು, ನಾನು ಎಡಕ್ಕೆ ಹೋದೆ. ಸೈಕಲ್ ನನಗಿಂತ ಮೊದಲು ಬುಡ ತಲುಪಿತು. ನಾನು ಕಳೆದ ವರ್ಷದ ಭಂಗಿಯಲ್ಲೇ, ಆದರೆ ಕಳೆದ ವರ್ಷಕ್ಕಿಂತ ಬಹಳ ವೇಗವಾಗಿ ಬಂದು ಸೇರಿದೆ. ಶೆಣೈ ಡಾಕ್ಟರು ಮೊದಲು ನನ್ನನ್ನು ಒತ್ತಿ ನೋಡಿದರು, ಏನೂ ಆಗಿಲ್ಲ ಎಂದರು. ಮತ್ತೆ ಟಯರು ಒತ್ತಿ ನೋಡಿದರು. ಬೆರಳು ಒಳಗೆ ಹೋಗಲಿಲ್ಲ. 'ಇದು ಕಲ್ಲೇ ಉಂಟಲ್ಲ' ಎಂದರು. ಜಗಲಿಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಮಾವ ಆಗ ಕಣ್ಣ ಮುಂದೆ ಬಂದರು. ನಸುಕಿನಲ್ಲೇ ಎದ್ದು, ನನ್ನದೇ ಪಂಪಿನಲ್ಲಿ, ಉಗುರಿನಿಂದ ಬಾರಿಸಿದರೆ ಟಣ್ ಎನ್ನುವವರೆಗೆ ಗಾಳಿ ಹೊಡೆದಿದ್ದರು. ಮೀನಿನ ಬುಟ್ಟಿ ಹೊತ್ತ ಸೈಕಲ್ಲಿಗೆ ಗಾಳಿ ಕಡಿಮೆಯಾದರೆ ಟ್ಯೂಬು ಹೋಯಿತು, ವ್ಯಾಪಾರವೂ ಹೋಯಿತು. ಮಗಳನ್ನು ಕೊಟ್ಟ ಮನೆಯ ಸೈಕಲ್ಲು ಗಾಳಿಯಿಲ್ಲದೆ ದೊಡ್ಡವರ ನಡುವೆ ಹೋಗುವುದನ್ನು ಅವರು ಹೇಗೆ ಸಹಿಸಿಯಾರು?

ಮನೆಗೆ ಬಂದಾಗ ಗುಂಪಿನ ಚಿತ್ರ ಬದಲಾಗಿತ್ತು. ನನ್ನ ಆಸೆ ಅಷ್ಟರ ಮಟ್ಟಿಗೆ ಈಡೇರಿತು. ಹಳೆಯದರಲ್ಲಿ ನಾನು ಕೂತಿದ್ದೆ, ಹೊಸದರಲ್ಲಿ ಕಾಲು ಮೇಲೆತ್ತಿ ಕೂತಿದ್ದೇನೆ. ಶಶಿಕಲಾ ಅದನ್ನು ಮಾವನಿಗೆ ತೋರಿಸಿದಳು. ಅವರು ಮೊಬೈಲನ್ನು ದೂರ ಹಿಡಿದು, ಬಂಡೆಯ ಬುಡದಲ್ಲಿ ಬಿದ್ದ ಸೈಕಲ್ಲನ್ನು ಗಮನವಿಟ್ಟು ನೋಡಿ, 'ಇಷ್ಟು ಬಿದ್ದರೂ ಚಕ್ರಕ್ಕೆ ಎಂತದೂ ಆಗಲಿಲ್ಲ ನೋಡಿ. ಗಾಳಿ ಸರಿ ಇತ್ತು, ಹಾಗಾಗಿ' ಎಂದರು. ಹೌದು ಮಾವ ಎಂದೆ. ಅವರೇ ತಂದ ಬಂಗುಡೆಯ ಸಾರು ನನ್ನ ತಟ್ಟೆಗೆ ಬೀಳುತ್ತಿರುವಾಗ ಇನ್ನೇನು ಹೇಳಲಿ?

ಗುಂಪಿನವರಿಗೆ ಮಾತ್ರ ನಿಜ ಹೇಳಿದೆ, ಬಿದ್ದದ್ದು ನನ್ನ ತಪ್ಪಲ್ಲ, ಮಾವ ಹಾಕಿದ ಗಾಳಿಯದು ಎಂದು. ಎಲ್ಲರೂ ಒಪ್ಪಿದರು. ಹಾಗಾದರೆ ಆ ಏರಿನಲ್ಲಿ ಹಾರಿಸಿಕೊಂಡು ಹೋದದ್ದೂ ಅದೇ ಗಾಳಿಯೇ ಅಲ್ವಾ ಎಂದು ಹೆಗ್ಡೆಯವರು ಕೇಳಿದರು. ಟಯರಿನಲ್ಲಿ ಮಾವನ ಗಾಳಿ ಹಾಗೇ ಇದೆ, ಇಳಿಸಿಲ್ಲ. ಡಾಂಬರು ರಸ್ತೆಯಲ್ಲಿ ಈಗಲೂ ಎಲ್ಲರಿಗಿಂತ ಮುಂದೆ ನಾನೇ. ಬಂಡೆ ಬಂದ ಕೂಡಲೇ ಇಳಿದು, ಸೈಕಲ್ ತಳ್ಳಿಕೊಂಡು, ಪಕ್ಕದ ಮೆಟ್ಟಿಲು ದಾರಿಯಲ್ಲಿ ಬುಡಕ್ಕೆ ಹೋಗಿ ಕಾಯುತ್ತೇನೆ. ಫೋಟೋ ತೆಗೆಯುವ ಜವಾಬ್ದಾರಿಯನ್ನು ಹೆಗ್ಡೆಯವರಿಂದ ನಾನು ವಹಿಸಿಕೊಂಡಿದ್ದೇನೆ.