ವಾಸುವಿನ ಬಾವಿನೀರಿಗೆ ಹಣ ಸಿಕ್ಕ ಬಗೆ

ಕಲಿತವರಿಗೆ ಎಲ್ಲವೂ ಬರುತ್ತದೆ, ಕೇಳಿಕೊಳ್ಳುವುದೊಂದು ಬರುವುದಿಲ್ಲ. ನಾನು ಐನಾಪುರದ ಊರ ಸಾಲೆಯಲ್ಲಿ ನಾಲ್ಕಕ್ಷರ ಕಲಿತವಳು. ಕೇಳಿಕೊಳ್ಳುವುದು ನನಗೂ ಬರುವುದಿಲ್ಲ, ಆದರೆ ನನ್ನದು ಬರೀ ನಾಚಿಕೆ. ಓದಿನ ತಪ್ಪೇನೂ ಇಲ್ಲ. ಮೊನ್ನೆ ಮೊಮ್ಮಕ್ಕಳಾದ ನಿಮ್ಮಲ್ಲಿ ಹಿರಿಯಳು ರಜೆಗೆ ಬಂದಾಗ ಒಂದು ಮಾತು ಹೇಳಿದಳು. ಅವಳು ಪಾಠ ಹೇಳುವ ವಿಶ್ವವಿದ್ಯಾಲಯದಲ್ಲಿ ಅದಕ್ಕೆಂದೇ ಒಂದು ಕಚೇರಿ ಇದೆಯಂತೆ. ಸಂಶೋಧನೆ ಮಾಡುವವರು ಹೊರಗಿನವರಿಂದ ಹಣ ತರುವುದು ಹೇಗೆ, ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು, ಎಷ್ಟು ಬಾಗಬೇಕು, ಎಲ್ಲವನ್ನೂ ಅಲ್ಲಿಯವರು ತಿದ್ದಿ ತೀಡಿ ಕಳಿಸುತ್ತಾರಂತೆ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕೆ. ಯಾಕೆ ಎಂದು ಕೇಳಿದಳು. ಏನಿಲ್ಲ ಎಂದೆ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅಂಥ ಕಚೇರಿಯೊಂದು ನಿಜಾಮರ ಕಾಲದಲ್ಲೇ ವಾಡಿಯ ನಮ್ಮ ಪಡಸಾಲೆಯಲ್ಲಿ ನಡೆದಿತ್ತು. ಅದರ ದೊಡ್ಡ ಸಾಹೇಬರು ನಿಮ್ಮ ಅಜ್ಜ. ಉಳಿದ ಸಿಬ್ಬಂದಿ ನಾನು.

ನಿಮ್ಮ ಅಜ್ಜ ಸರಕಾರಿ ಸಾಲೆಯ ಮಾಸ್ತರರು. ಅವರ ಉರ್ದು ಎಷ್ಟು ಚೆನ್ನಾಗಿತ್ತೆಂದರೆ, ಅವರು ಒಂದು ಲೋಟ ನೀರು ಕೇಳಿದರೂ ಕೇಳಿಸಿಕೊಂಡವರಿಗೆ ತಮಗೇನೋ ಬಿರುದು ಸಿಕ್ಕಿತೆಂದು ಅನ್ನಿಸುತ್ತಿತ್ತು. ನನಗೆ ಉರ್ದು ಬಾರದ್ದರಿಂದ ನನ್ನ ಹತ್ತಿರ ಕನ್ನಡದಲ್ಲೇ ಕೇಳುತ್ತಿದ್ದರು, ಅದೂ ಬರೀ "ನೀರು" ಎಂದು. ಅವರ ತಮ್ಮ ವಾಸುದೇವ, ನನ್ನ ಮೈದುನ, ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ರಸಾಯನ ಶಾಸ್ತ್ರ ಕಲಿಸುತ್ತಿದ್ದ. ಅವನಿಗೆ ಹಿಡಿದ ಹುಚ್ಚು ಬಾವಿನೀರಿನದು. ನಮ್ಮ ಸೀಮೆ ಕಲ್ಲಿನದು. ಶಹಾಬಾದಿನಲ್ಲಿ ನೆಲ ಅಗೆದರೆ ಪುಸ್ತಕದ ಹಾಳೆಗಳ ಹಾಗೆ ಫರಸಿ ಕಲ್ಲು ಏಳುತ್ತದೆ. ಒಂದು ಹೊಲದ ಬಾವಿಯ ನೀರು ಸಿಹಿ, ಬದುವಿನಾಚೆಯ ಬಾವಿಯದು ಸೋಪಿಗೂ ನೊರೆ ಕೊಡದಷ್ಟು ಗಡಸು. ಅದು ಯಾಕೆ ಹಾಗೆ ಎಂದು ಅವನಿಗೆ ತಿಳಿಯಬೇಕಿತ್ತು. ಸೇಡಂ, ಚಿತ್ತಾಪುರ, ಚಿಂಚೋಳಿ ಎಂದು ರಜೆಯಲ್ಲೆಲ್ಲ ಅಲೆದು ಬಾವಿ ಬಾವಿಯ ನೀರನ್ನು ಸೀಸೆಗಳಲ್ಲಿ ತುಂಬಿ ತಂದು ನನ್ನ ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ಇಡುತ್ತಿದ್ದ. ಉಪ್ಪಿನಕಾಯಿ ಭರಣಿಗಳು ನೆಲಕ್ಕಿಳಿದವು. ಗೋದಾವರಿಯ ನೀರೋ ಎಂಬಂತೆ ನಾವು ಆ ಸೀಸೆಗಳನ್ನು ನೋಡಿಕೊಂಡೆವು; ಒಂದು ವ್ಯತ್ಯಾಸವೆಂದರೆ ಅವಕ್ಕೆ ಕೈ ಮುಗಿಯುತ್ತಿರಲಿಲ್ಲ.

ವಿಶ್ವವಿದ್ಯಾಲಯದವರು ಅವನಿಗೆ ಸಂಬಳ ಕೊಡುತ್ತಿದ್ದರು, ನೀರಿಗೆ ಕೊಡುತ್ತಿರಲಿಲ್ಲ. ಊರೂರು ಸುತ್ತಲು, ಪರೀಕ್ಷೆಯ ಸಾಮಾನು ತರಿಸಲು ಹೊರಗಿನ ಯಾರಾದರೂ ಹಣ ಕೊಟ್ಟರೆ ಸರಿ. ಮಳೆಗಾಲದೊಳಗೆ ಯಾರೂ ಸಿಗದಿದ್ದರೆ ಈ ಕೆಲಸ ಕೈಬಿಟ್ಟು ಹೊಸ ಹುಡುಗರಿಗೆ ಪಾಠ ಹೇಳಿಕೊಂಡಿರಬೇಕೆಂದು ಮೇಲಿನವರು ಹೇಳಿದ್ದರು. ಅದನ್ನು ಹೇಳುವಾಗ ವಾಸು ನಗುತ್ತಲೇ ಹೇಳಿದ. ಆದರೆ ಆ ದಿನ ಅವನು ಉಣ್ಣಲು ಕೂತು ಎಲೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಉಣ್ಣದೆ ಎದ್ದುಹೋದದ್ದನ್ನು ನಾನು ನೋಡಿದೆ. ಮದುವೆಯ ಮಾತನ್ನೂ ಈ ಕೆಲಸ ಮುಗಿಯಲಿ ಎಂದು ಮುಂದೂಡಿದ್ದವನು ಅವನು. ಬಾವಿಗಳು ಹೋದರೆ ಅವನ ಬಳಿ ಏನೂ ಉಳಿಯುತ್ತಿರಲಿಲ್ಲ.

ಮೊದಲು ತಾನೇ ಹೋಗಿ ಕೇಳಿ ನೋಡಿದ್ದ. ಶಹಾಬಾದಿನ ಒಬ್ಬ ಕಲ್ಲಿನ ಸೇಟಜಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಇದರಿಂದ ಫರಸಿಯ ದರ ಏರುತ್ತದೋ ಇಳಿಯುತ್ತದೋ ಎಂದು ವಿಚಾರಿಸಿದರಂತೆ. ಎರಡೂ ಇಲ್ಲ ಎಂದ ಕೂಡಲೇ ಒಳ್ಳೆಯ ಕೆಲಸ, ದೇವರು ನಡೆಸಿಕೊಡುತ್ತಾನೆ ಎಂದರಂತೆ. ಸೇಡಂ ಕಡೆಯ ಒಬ್ಬ ದೇಶಮುಖರು ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿ, ಗೋತ್ರ ಕೇಳಿ, ಸಂಜೆಗೆ ತಮ್ಮ ಅಣ್ಣನ ಮಗಳ ಜಾತಕ ತಂದು ಕೈಗಿಟ್ಟರು. ಜಾತಕ ಚೆನ್ನಾಗಿಯೇ ಇತ್ತಂತೆ. ವಾಸು ಅದನ್ನು ಅಲ್ಲೇ ಬಿಟ್ಟು ಮುಂದಿನ ರೈಲಿಗೆ ಬಂದ.

ಆಗ ನಿಮ್ಮ ಅಜ್ಜ ಕಚೇರಿ ತೆರೆದರು. ವಾಸುವಿಗೆ ಕೇಳುವ ಕ್ರಮವೇ ಗೊತ್ತಿಲ್ಲ, ಹೋದ ಕೂಡಲೇ ವಿಷಯ ಎತ್ತುತ್ತಾನೆ, ದೊಡ್ಡವರು ಇದರಿಂದ ಬೇಸರಪಡುತ್ತಾರೆ ಎಂಬುದು ಅವರ ತೀರ್ಮಾನ. ದಿನಾ ಸಂಜೆ ಪಡಸಾಲೆಯಲ್ಲಿ ಅಭ್ಯಾಸ ಶುರುವಾಯಿತು. ಅಜ್ಜ ಲೋಡಿಗೆ ಒರಗಿ ನವಾಬರಾಗುತ್ತಿದ್ದರು. ವಾಸು ಬಾಗಿಲಿನಿಂದ ಸಲಾಮು ಮಾಡುತ್ತ ಬರಬೇಕು. ಮೊದಲು ಅವರ ಮನೆತನದ ಮಾತು, ಆಮೇಲೆ ಆರೋಗ್ಯದ ಮಾತು, ಆಮೇಲೆ ಮಳೆ ಬೆಳೆ. ಬಾವಿ ಎಂಬ ಶಬ್ದ ಬಾಯಿಂದ ಬಂದರೆ ಅಜ್ಜ ಕೆಮ್ಮುತ್ತಿದ್ದರು.

"ಮತ್ತ ಯಾವಾಗ ಹೇಳ್ಬೇಕಣ್ಣಾ?" ಎಂದು ವಾಸು ಕೇಳಿದ.

"ತಾಂಬೂಲ ಬರೋತನಕ ತಡಿ. ತಾಂಬೂಲ ಬಂತಂದ್ರ ಮನಷ್ಯಾ ಸಡಲ ಆಗ್ತಾನ. ನಮ್ಮ ಮನ್ಯಾಗ ಎಷ್ಟ ಮದವಿ ಮಾತಾಡೀವಿ, ಎಲೆ ಹಚ್ಚೋ ಮುಂದ ಅಲ್ಲೇನು?"

ಮಾತು ನಿಜವೇ. ನಮ್ಮಲ್ಲಿ ಉಂಡು ಕೈತೊಳೆದು ತಾಂಬೂಲದ ತಟ್ಟೆ ನಡುವೆ ಇಟ್ಟುಕೊಂಡ ಮೇಲೆಯೇ ನಿಜವಾದ ಮಾತು ಹೊರಡುವುದು. ನನ್ನ ಮದುವೆಯ ಮಾತೂ ಹಾಗೇ ಆದದ್ದು. ನಮ್ಮ ತಂದೆ ಒಪ್ಪುವ ಹೊತ್ತಿಗೆ ಡಬ್ಬಿಯಲ್ಲಿ ಅಡಿಕೆ ಮುಗಿದಿತ್ತಂತೆ. ಆದರೆ ನಿಮ್ಮ ಅಜ್ಜ ಅಷ್ಟೆಲ್ಲ ಉರ್ದು ಬಲ್ಲವರಾದರೂ ಒಬ್ಬ ಜಾಗೀರದಾರರ ದೊಡ್ಡಮನೆಯೊಳಗೆ, ಅವರು ದೇವಡಿ ಎನ್ನುತ್ತಾರಲ್ಲ, ಅಲ್ಲಿ ಒಮ್ಮೆಯೂ ಕೂತು ಬಂದವರಲ್ಲ. ಇದು ಆಗ ನಮಗಾರಿಗೂ ಮುಖ್ಯವೆಂದು ತೋರಲಿಲ್ಲ.

ಹೀಗಿರುವಾಗ ಚಿಂಚೋಳಿ ಕಡೆಯ ಒಬ್ಬ ಜಾಗೀರದಾರ ಸಾಹೇಬರು ಹೈದರಾಬಾದಿನಿಂದ ಮುಂಬಯಿಗೆ ಹೊರಟಿದ್ದಾರೆಂದು ಗೊತ್ತಾಯಿತು. ಹೈದರಾಬಾದಿನ ರೈಲು ಇಳಿದು ಮುಂಬಯಿಯ ರೈಲು ಹತ್ತಲು ವಾಡಿಯಲ್ಲಿ ಬಹಳ ಹೊತ್ತು ಕಾಯಬೇಕು. ಅವರು ವಿದ್ಯೆಗೆ ಕೊಡುವ ಕೈಯವರೆಂದು ಹೆಸರಿತ್ತು. ಅಜ್ಜ ಸ್ಟೇಷನ್ನಿಗೇ ಹೋಗಿ, ಗುಲಾಮನ ಗುಡಿಸಲಿಗೆ ಪಾದ ಇಡಬೇಕೆಂದು ಉರ್ದುವಿನಲ್ಲಿ ಕೇಳಿಕೊಂಡರು. ಅವರು ಬರಲು ಒಪ್ಪಿದರು. ಮಳೆಗಾಲ ಹತ್ತಿರವಿತ್ತು, ವಾಸುವಿಗೆ ಇನ್ನೊಬ್ಬರನ್ನು ಹುಡುಕಲು ದಿನ ಉಳಿದಿರಲಿಲ್ಲ.

ಗುಡಿಸಲು ಹೊಳೆಯಬೇಕೆಂದು ಅಜ್ಜ ಬೆಳಿಗ್ಗೆಯೇ ಅಂಗಳದ ಫರಸಿಯನ್ನೆಲ್ಲ ತಿಕ್ಕಿ ತೊಳೆಸಿದ್ದರು. ತೊಳೆದದ್ದು ದೂರದ ಬಾವಿಯಿಂದ ಅಡುಗೆಗೆಂದು ಹೊತ್ತು ತಂದ ಸಿಹಿನೀರಿನಿಂದ. ನಾನು ನೋಡುವ ಹೊತ್ತಿಗೆ ಹಂಡೆ ಬರಿದಾಗಿತ್ತು. ಹೇಳೋಣವೆಂದರೆ ಅವರು ಸಲಾಮಿನ ಅಭ್ಯಾಸದಲ್ಲಿದ್ದರು. ಇರಲಿ, ಊಟದ ಏರ್ಪಾಟು ಇರಲಿಲ್ಲವಲ್ಲ, ಬರೀ ಶರಬತ್ತು, ಬಾಳೆಹಣ್ಣು, ಆಮೇಲೆ ತಾಂಬೂಲ ಎಂದು ಸುಮ್ಮನಾದೆ.

ಸಾಹೇಬರು ಬಂದರು. ಜೊತೆಗೆ ಅವರ ಸೇವಕ ಮೌಲಾಸಾಬ, ಕೈಯಲ್ಲಿ ಛತ್ರಿ ಹಿಡಿದು ಬಾಗಿಲ ಬಳಿ ನಿಂತ. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತೆ. ಅಜ್ಜ ಮನೆತನದ ಮಾತಿನಿಂದ ಶುರುಮಾಡಿದರು. ಸಾಹೇಬರ ಅಜ್ಜಂದಿರ ತನಕ ಹೋಗಿ, ಅಲ್ಲಿಂದ ನಿಧಾನವಾಗಿ ಇಳಿದು ಬಂದು, ಮಳೆ ಬೆಳೆಗೆ ಮುಟ್ಟಿದರು. ವಾಸು ಗೊಂಬೆಯ ಹಾಗೆ ಕೂತಿದ್ದ. ಶರಬತ್ತು ಕುಡಿದಾಯಿತು. ಅಜ್ಜ ಒಳಗಡೆ ನೋಡಿ ಕಣ್ಣು ಮಾಡಿದರು. ನಾನು ತಾಂಬೂಲದ ತಟ್ಟೆಯನ್ನು ಹೊಸ್ತಿಲ ಹೊರಗೆ ಸರಿಸಿದೆ. ಇದ್ದೊಂದು ಅತ್ತರಿನ ಸೀಸೆಯನ್ನೂ ಚಂದ ಕಾಣಲೆಂದು ಅದರಲ್ಲಿಟ್ಟಿದ್ದೆ. ಅಜ್ಜ ಅದನ್ನು ಸಾಹೇಬರ ಮುಂದಿಟ್ಟು, ಈಗ ಹೇಳು ಎಂಬಂತೆ ತಮ್ಮನ ಕಡೆ ತಿರುಗಿದರು.

ಸಾಹೇಬರು ಒಂದು ಎಲೆ ತೆಗೆದುಕೊಂಡು, ಅತ್ತರನ್ನು ಅಂಗೈಗೆ ಸವರಿಕೊಂಡು, ಎದ್ದು ನಿಂತರು. ಭಾಳ ಸಂತೋಷವಾಯಿತು, ಅಪ್ಪಣೆ ಕೊಡಿ ಎಂದರು.

ಅವರಂಥ ನವಾಬರ ಮನೆಗಳಲ್ಲಿ ಪಾನು ಅತ್ತರು ತಂದಿಟ್ಟರೆ ಇನ್ನು ಹೊರಡಬಹುದು ಎಂದು ಅರ್ಥ. ಅತಿಥಿಯನ್ನು ಬಾಯಿಬಿಟ್ಟು ಏಳಿ ಎನ್ನಬಾರದೆಂದು ಮಾಡಿಕೊಂಡ ಮರ್ಯಾದೆ. ನಾವು ಮಾತು ಶುರುಮಾಡಲು ಇಟ್ಟ ತಟ್ಟೆ ಅವರನ್ನು ಮನೆಯಿಂದ ಹೊರಡಿಸಿತ್ತು. ಅಜ್ಜನ ಅಷ್ಟು ಉರ್ದುವಿನಲ್ಲಿ ಇದಕ್ಕೆ ಒಂದು ಶಬ್ದವೂ ಸಿಗಲಿಲ್ಲ. ಕೂತುಕೊಳ್ಳಿ ಎಂದರೆ ಕೊಟ್ಟ ಪಾನನ್ನು ಹಿಂದಕ್ಕೆ ಪಡೆದಂತೆ. ವಾಸು ನನ್ನ ಬಾಗಿಲ ಕಡೆ ನೋಡಿದ. ಸೀಸೆಗಳು ಇದ್ದದ್ದು ಆ ಕಡೆಗೇ; ಅವುಗಳನ್ನು ನೋಡಿದನೋ ನನ್ನನ್ನೋ ತಿಳಿಯದು. ಮುಖ ಮಾತ್ರ ಎಲೆಯ ಮೇಲೆ ಗೆರೆ ಎಳೆದ ದಿನದ್ದೇ.

ಆಗ ಬಾಗಿಲ ಹಿಂದಿನಿಂದ ಯಾರೋ ಮಾತಾಡಿದರು.

"ಹೋಳಿಗಿ ಆಗ್ಯಾವ. ಉಂಡೇ ಹೋಗ್ಬೇಕಂತ ಹೇಳ್ರಿ."

ಆ ದನಿ ನನ್ನದೆಂದು ನನಗೆ ಗೊತ್ತಾದದ್ದು ಎಲ್ಲರೂ ಈ ಕಡೆ ತಿರುಗಿದ ಮೇಲೆ. ಪರಪುರುಷರಿರುವಾಗ ನಾನು ಕೆಮ್ಮಿದವಳೂ ಅಲ್ಲ. ಅಜ್ಜ ಕೂಡಲೇ ಆ ಎರಡು ಮಾತನ್ನು ಉರ್ದುವಿನಲ್ಲಿ ಎರಡು ಮಾರು ಮಾಡಿ ಒಪ್ಪಿಸಿದರು. ಮನೆಯ ಹೆಣ್ಣುಮಗಳು ಹೇಳಿಕಳಿಸಿದ್ದನ್ನು ದಾಟುವುದು ಅವರ ಮರ್ಯಾದೆಯಲ್ಲಿ ಇರಲಿಲ್ಲ. ಸಾಹೇಬರು ಮತ್ತೆ ಕೂತರು.

ಹೋಳಿಗೆ ಎಲ್ಲಿಂದ ಬರಬೇಕು? ಮರುದಿನದ ಹಬ್ಬಕ್ಕೆ ಕಡಲೆಬೇಳೆ ನೆನೆಹಾಕಿದ್ದು ಇತ್ತು, ಅಷ್ಟೆ. ಒಲೆ ಹೊತ್ತಿಸಿ ಬೇಳೆ ಇಟ್ಟೆ. ಸಿಹಿನೀರು ಅಂಗಳದ ಪಾಲಾಗಿತ್ತಲ್ಲ, ಹಿತ್ತಲ ಬಾವಿಯ ಗಡಸು ನೀರೇ ಗತಿ. ನೀರು ಕುದಿಯಿತು, ಬೇಳೆ ಕುದಿಯಿತು, ಮೇಲೆ ಕೆಳಗೆ ಓಡಾಡಿತು, ಆದರೆ ಬೇಯಲಿಲ್ಲ. ಒಂದನ್ನು ತೆಗೆದು ಹಿಚುಕಿದರೆ ಹರಳಿನ ಹಾಗೆ ಬೆರಳಿನಿಂದ ಚಿಮ್ಮಿ ಸೀಸೆಗೆ ತಾಗಿ ಟಣ್ಣೆಂದಿತು. ಬೇಗ ಬೇಯಲೆಂದು ಸೋಡಾ ಹಾಕುವಂತಿರಲಿಲ್ಲ, ಮಡಿಯ ಅಡುಗೆಗೆ ಅತ್ತೆಯವರು ಅದನ್ನು ಹೊಸ್ತಿಲೊಳಗೂ ಬಿಟ್ಟವರಲ್ಲ. ನಾನು ಊದುಗೊಳವೆ ಹಿಡಿದು ಊದಿದೆ, ಬೆವರಿದೆ, ರಾಯರನ್ನು ನೆನೆದೆ.

ಹೊರಗೆ ಮನೆತನವೂ ಮಳೆಯೂ ಮುಗಿದಿದ್ದವು. ಸಾಹೇಬರು ಗಡಿಯಾರ ತೆಗೆದು ನೋಡಿದರು. ಕೊನೆಗೆ, ಒಳಗೆ ಏನಾದರೂ ತೊಂದರೆಯೇ ಎಂದು ಮೆಲ್ಲಗೆ ಕೇಳಿದರು. ವಾಸು ಎದ್ದು ಒಳಗೆ ಬಂದ.

"ಯಾಕ ವೈನೀ, ಇನ್ನಾ ಎಷ್ಟೊತ್ತು?"

"ಏನ ಮಾಡ್ಲೆಪಾ. ಹಿತ್ತಲ ನೀರು ಹಾಕೀನಿ. ಬ್ಯಾಳಿ ಬೇಯಲಿಕ್ಕೇ ಒಲ್ಲದು."

ವಾಸು ಪಾತ್ರೆಯನ್ನು ನೋಡಿದ. ಅವನು ಆ ಹೊತ್ತಿನಲ್ಲಿ ನನಗೆ ಸಮಾಧಾನ ಹೇಳಬೇಕಿತ್ತು ಎಂದು ನಾನು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವನು ಒಂದು ಸೌಟು ಬೇಳೆಯನ್ನು ಎಲೆಯ ಮೇಲೆ ಹಾಕಿಕೊಂಡು ಹೊರಗೆ ಹೋಗಿಬಿಟ್ಟ. ನಮ್ಮ ಮನೆಯ ಬೇಯದ ಬೇಳೆಯನ್ನು ಜಾಗೀರದಾರರ ಮುಂದಿಟ್ಟ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೆ ಶಹಾಬಾದಿನ ಫರಸಿ ಅಷ್ಟು ಸುಲಭಕ್ಕೆ ಬಿರಿಯುವಂಥದಲ್ಲ. ಅವನು ಸಲಾಮು ಮರೆತ, ಮನೆತನ ಮರೆತ. ನೀರು ಕಲ್ಲಿನೊಳಗಿಂದ ಸುಣ್ಣ ಕರಗಿಸಿಕೊಂಡು ಬರುವುದು, ಅದು ಬೇಳೆಯೊಳಗಿನ ಅಂಟನ್ನು ಹಿಡಿದು ಬಿಗಿಮಾಡುವುದು, ಬಾವಿ ಬಾವಿಗೆ ಅದು ಬೇರೆಯಾಗುವುದು, ಇದನ್ನೆಲ್ಲ ಕೈ ಬೀಸುತ್ತ ಹೇಳುತ್ತಲೇ ಹೋದ. ಅಜ್ಜ ಕೆಮ್ಮಿದರು, ಕೆಮ್ಮಿದರು, ಆಮೇಲೆ ನಿಜವಾಗಿ ಕೆಮ್ಮು ಬಂತು. ಸಾಹೇಬರು ಒಂದು ಬೇಳೆ ತೆಗೆದು ಬೆರಳಲ್ಲಿ ಹಿಚುಕಿ ನೋಡಿ, ತಮ್ಮ ದೇವಡಿಯಲ್ಲಿ ಇದೇ ಕಾರಣಕ್ಕೆ ಅಡುಗೆಯವರನ್ನು ಬಿಡಿಸಿದ್ದುಂಟು ಎಂದರು.

ರೈಲಿನ ಹೊತ್ತಿಗೆ ಹೇಗೋ ಅರೆದು ಕುಟ್ಟಿ ನಾಲ್ಕಾರು ಹೋಳಿಗೆ ಮಾಡಿದೆ. ಉಣ್ಣಲು ಸಮಯವಿಲ್ಲ, ಕಟ್ಟಿಕೊಡಿ, ದಾರಿಯಲ್ಲಿ ತಿನ್ನುತ್ತೇನೆ ಎಂದರು. ಮುಂಬಯಿಯಿಂದ ತಿರುಗಿ ಬಂದ ಮೇಲೆ, ಕೆಲಸ ಮುಗಿಯುವತನಕ ವರ್ಷ ವರ್ಷವೂ ವಾಸುವಿನ ಖರ್ಚು ತಮ್ಮದೆಂದು ಹೇಳಿಕಳಿಸಿದರು. ಹೇಳಲು ಬಂದ ಮೌಲಾಸಾಬ, ಹೋಳಿಗೆ ಭಾಳ ಚಲೋ ಇದ್ದುವಂತೆ ಎಂದೂ ಹೇಳಿಹೋದ.

ಈ ಗೆಲುವಿಗೆ ಮನೆಯಲ್ಲಿ ಮೂವರು ಹಕ್ಕುದಾರರಾದೆವು. ತಾವು ಕಟ್ಟಿದ ಪೀಠಿಕೆಯಿಂದ ಎಂದು ಅಜ್ಜ. ತನ್ನ ವಿಷಯದ ಬಲದಿಂದ ಎಂದು ವಾಸು. ನಾನು ಏನೂ ಹೇಳುತ್ತಿರಲಿಲ್ಲ. ಆದರೆ ಪ್ರತಿ ವರ್ಷ ವಾಸು ಲೆಕ್ಕ ಒಪ್ಪಿಸಲು ಸಾಹೇಬರಲ್ಲಿಗೆ ಹೊರಟಾಗ, ಸಿಹಿನೀರು ತರಿಸಿ, ತುಪ್ಪಕ್ಕೆ ಕೈ ಹಿಡಿಯದೆ ಹೋಳಿಗೆ ಮಾಡಿ ಡಬ್ಬಿ ತುಂಬಿ ಕೊಡುತ್ತಿದ್ದೆ. ಯಾರ ಕಾರಣಕ್ಕೆ ಹಣ ಬರುತ್ತದೆಂದು ನನಗೆ ಗೊತ್ತಿತ್ತಲ್ಲ.

ವಾಸುವಿನ ಕೆಲಸ ಮುಗಿದು, ಮದುವೆಯೂ ಆಗಿ, ಸಾಹೇಬರು ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಮೌಲಾಸಾಬ ರೈಲಿಳಿದು ನಮ್ಮ ಮನೆಗೆ ಬಂದ. ಅಜ್ಜ ಸಾಲೆಯಲ್ಲಿದ್ದರು. ನನಗೂ ಕೂದಲು ಬೆಳ್ಳಗಾಗಿದ್ದವು, ಹೊಸ್ತಿಲ ತನಕ ಬಂದು ನಿಂತೆ. ನಿಮ್ಮ ಹೋಳಿಗೆಯ ಋಣ ನನ್ನ ಮೇಲೆ ಭಾಳ ಇದೆ ಎಂದ.

"ನಿನ್ನ ಮ್ಯಾಲ ಹ್ಯಾಂಗೋ?" ಎಂದೆ.

"ಸಾಹೇಬ್ರು ಸಿಹಿ ಮುಟ್ತಿದ್ದಿಲ್ರೀ ಅವ್ವಾರ. ಹಕೀಮರು ಬಿಡಿಸಿಬಿಟ್ಟಿದ್ರು. ಡಬ್ಬಿ ಬಂದ ಕೂಡ್ಲೆ ನನ್ನ ಕೈಗೇ ಕೊಡ್ತಿದ್ರು. ಮೊದಲ್ನೇವೂ ನಾನೇ ತಿಂದೀನಿ, ರೈಲಿನ್ಯಾಗ."

"ಚಲೋ ಇದ್ವು ಅಂತ ಹೇಳಿದ್ದು?"

"ನಾನೇರಿ. ಸುಳ್ಳಲ್ಲ ಮತ್ತ."

ನನಗೆ ಸುಮ್ಮನಿರಲಾಗಲಿಲ್ಲ. ಹಾಗಾದರೆ ಅವರು ಹಣ ಕೊಟ್ಟದ್ದು ಯಾಕೆ ಎಂದು ಕೇಳಿಬಿಟ್ಟೆ. ಅವನು ನಕ್ಕ.

"ಅವತ್ತ ಗಾಡ್ಯಾಗ ಹೇಳಿದ್ರು ನೋಡ್ರಿ. ‘ಮೌಲಾ, ಮಾಸ್ತರ ಹೇಳಿದ್ದು ಏನೂ ತಿಳೀಲಿಲ್ಲ. ಅವನ ತಮ್ಮ ಹೇಳಿದ್ದು ಜರಾ ತಿಳೀತು. ಬ್ಯಾಳಿ ಬೇಯಲಿಲ್ಲಲ್ಲ, ಅದು ಪೂರಾ ತಿಳೀತು’ ಅಂದ್ರು."

ನನ್ನ ಕೈರುಚಿಗೆ ಬಂತೆಂದು ಅಷ್ಟು ವರ್ಷ ಒಳಗೊಳಗೇ ಬೀಗಿದ ಹಣ, ನನ್ನ ಕೈಯಲ್ಲಿ ಆಗದೆ ಹೋದ ಕೆಲಸಕ್ಕೆ ಬಂದಿತ್ತು. ಸರಿ, ಬಂದವನನ್ನು ಹಾಗೇ ಕಳಿಸಲಾಗುತ್ತದೆಯೇ? ಅಷ್ಟು ಡಬ್ಬಿ ಖಾಲಿ ಮಾಡಿದವನು. ಕೂತಿರು, ಹೋಳಿಗೆ ಮಾಡುತ್ತೇನೆ ಎಂದೆ.

"ನೀರು ಈಗ ಹ್ಯಾಂಗ ಅವರೀ?" ಎಂದ.

ವಾಸು ಆ ಹೊತ್ತಿಗೆ ಬೇಳೆ ಯಾಕೆ ಬೇಯುವುದಿಲ್ಲ ಎಂಬುದನ್ನು ಆಮೂಲಾಗ್ರ ಕಂಡುಹಿಡಿದು ದೊಡ್ಡ ಪದವಿ ಪಡೆದಿದ್ದ. ಬೇಯಿಸುವುದು ಅವನ ವಿಷಯವಾಗಿರಲಿಲ್ಲ. ಸಿಹಿನೀರು ಹೊರುವವನು ಆ ದಿನ ಬಂದಿರಲಿಲ್ಲ.

"ಹಾಂಗೇ ಅವಪಾ," ಎಂದೆ.

ಮೌಲಾಸಾಬ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತ.